ಬಂಡೆಯ ಮೂಲೆ ದಾಟಿದ ಬೆಳಿಗ್ಗೆ

ನಮ್ಮ ಯಜಮಾನರಿಗೆ ಅಮೆರಿಕದಲ್ಲಿ ಸಿಕ್ಕಿದ್ದು ಕಂಪ್ಯೂಟರುಗಳಲ್ಲಿ ತಾರೀಖು ಸರಿಮಾಡುವ ಕೆಲಸ. ಎರಡು ಸಾವಿರನೇ ಇಸವಿ ಬಂದೊಡನೆ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ ಎಂದು ಹೆದರಿದ್ದ ಕಂಪನಿಗಳು ಅವರಂಥವರನ್ನು ಹುಡುಕಿ ಹುಡುಕಿ ಕರೆಸಿಕೊಳ್ಳುತ್ತಿದ್ದವು. ನವೆಂಬರಿನಲ್ಲಿ ನಾವಿಬ್ಬರೂ ನಾಲ್ಕು ವರ್ಷದ ಮಗಳೊಂದಿಗೆ ಸ್ಯಾನ್ ಮಟಿಯೋಗೆ ಬಂದಿಳಿದೆವು. ಸಂಕ್ರಾಂತಿ ಕಳೆದ ಮೇಲೆ ಮಂಡ್ಯದಿಂದ ಅತ್ತೆಯೂ ಬಂದರು. ಅಷ್ಟರಲ್ಲಿ ಇಸವಿ ಬದಲಾಗಿತ್ತು, ಎಲ್ಲೂ ಏನೂ ಆಗಿರಲಿಲ್ಲ. ಯಜಮಾನರು ಅದು ತಮ್ಮೊಬ್ಬರದೇ ಪವಾಡವೆಂಬಂತೆ ಎದೆಯುಬ್ಬಿಸಿ ತಿರುಗುತ್ತಿದ್ದರು. ಅಂಥವರ ಕೈಗಡಿಯಾರ ನಂಬಿ ಸಮುದ್ರದ ದಡಕ್ಕೆ ಹೊರಟ ನನಗೂ ಬುದ್ಧಿ ಇರಲಿಲ್ಲ.

ಏಪ್ರಿಲಿನ ಮೊದಲ ಶನಿವಾರ. ಪಾಯಿಂಟ್ ರೇಯ್ಸ್ ರಾಷ್ಟ್ರೀಯ ಉದ್ಯಾನದಲ್ಲಿ ಕಾರು ನಿಲ್ಲಿಸಿ ಎರಡು ಮೈಲಿ ನಡೆದರೆ ಕಡಲಿನ ಪಕ್ಕ ಒಂದು ಶಿಬಿರವಿದೆ. ಶಿಬಿರವೆಂದರೆ ಡೇರೆ ಹಾಕಲು ಒಂದಿಷ್ಟು ಜಾಗ, ಒಂದು ನಲ್ಲಿ, ಪ್ರಾಣಿಗಳು ಕದಿಯದಂತೆ ಊಟ ಇಡಲು ಕಬ್ಬಿಣದ ಪೆಟ್ಟಿಗೆ, ಅಷ್ಟೇ. ಅತ್ತೆ ಪುಳಿಯೋಗರೆ ಡಬ್ಬಿಯನ್ನು ಆ ಪೆಟ್ಟಿಗೆಯೊಳಗಿಟ್ಟು, ಚಿಲಕವನ್ನು ಎರಡು ಸಲ ಎಳೆದು ನೋಡಿದರು.

ದಕ್ಷಿಣಕ್ಕೆ ಒಂದು ಮೈಲಿ ನಡೆದರೆ ಬಂಡೆಗಳ ನಡುವೆ ನೀರು ನಿಂತ ಗುಂಡಿಗಳಿವೆ, ಅವುಗಳಲ್ಲಿ ನಕ್ಷತ್ರಮೀನು ಕಾಣುತ್ತದೆ ಎಂದು ಆಫೀಸಿನ ಯಾರೋ ಹೇಳಿದ್ದರು. ಅಲ್ಲಿಗೆ ಹೋಗಬೇಕಾದರೆ ಸಮುದ್ರದೊಳಕ್ಕೆ ಮೂಗು ಚಾಚಿದ ಒಂದು ದೊಡ್ಡ ಬಂಡೆಯನ್ನು ಸುತ್ತಿಹೋಗಬೇಕು. ಕಡಲು ಪೂರ್ತಿ ಹಿಂದೆ ಸರಿಯುವ ಇಳಿತದ ಹೊತ್ತಿಗೆ ಒಂದು ಗಂಟೆ ಮೊದಲಿನಿಂದ ಒಂದು ಗಂಟೆ ನಂತರದವರೆಗೆ ಮಾತ್ರ ಅಲ್ಲಿ ಕಾಲಿಡಲು ಮರಳು ಸಿಗುತ್ತದೆ. ಉದ್ಯಾನದ ಕಚೇರಿಯಲ್ಲಿದ್ದ ಹೆಂಗಸು ಇದನ್ನು ಎರಡೆರಡು ಸಲ ಹೇಳಿದಳು. ಯಜಮಾನರು ಫಲಕ ನೋಡಿ ಭಾನುವಾರದ ಇಳಿತದ ಸಮಯವನ್ನು ಚೀಟಿಯಲ್ಲಿ ಬರೆದುಕೊಂಡರು: ಒಂಬತ್ತು ಐವತ್ತು.

ಆ ರಾತ್ರಿ ನಾವು ಡೇರೆಯೊಳಗೆ ಚಳಿಗೆ ಮುದುರಿಕೊಂಡಿದ್ದಾಗ ಆ ದೇಶದ ಗಡಿಯಾರಗಳೆಲ್ಲ ಒಂದು ಗಂಟೆ ಮುಂದಕ್ಕೆ ಹೋದವು. ಅಲ್ಲಿ ಪ್ರತಿ ವರ್ಷ ಬೇಸಿಗೆಗೆ ಮೊದಲು ಹಾಗೆ ತಿರುಗಿಸಿಕೊಳ್ಳುತ್ತಾರೆ. ಫಲಕದಲ್ಲಿ ಬರೆದಿದ್ದದ್ದು ಭಾನುವಾರದ ಹೊಸ ಗಂಟೆ. ನಮ್ಮವರ ಕೈಯಲ್ಲಿದ್ದದ್ದು ಶನಿವಾರದ ಹಳೆಯ ಗಂಟೆ. ನವೆಂಬರಿನಲ್ಲಿ ಬಂದಿಳಿದ ನಮಗೆ ಈ ಪದ್ಧತಿಯ ಗಾಳಿಯೂ ತಾಗಿರಲಿಲ್ಲ. ಮೊಬೈಲೂ ಇರಲಿಲ್ಲ. ವಿಷಯ ಗೊತ್ತಾದದ್ದು ಮಾರನೆಯ ಸಂಜೆ, ಪೆಟ್ರೋಲು ಹಾಕಿಸುವ ಕಡೆ ಗೋಡೆ ಗಡಿಯಾರ ನೋಡಿದಾಗ.

ಹಾಗಾಗಿ ಬೆಳಿಗ್ಗೆ ಒಂದು ಗಂಟೆ ಮೊದಲೇ ಹೊರಟೆವೆಂದು ಬೀಗುತ್ತಾ ನಾವು ಸರಿಯಾಗಿ ಇಳಿತದ ಹೊತ್ತಿಗೆ ಹೊರಟಿದ್ದೆವು. ಬಂಡೆ ಸುತ್ತುವಾಗ ಮರಳು ಅಗಲವಾಗಿಯೇ ಇತ್ತು. ಮಗಳು ನಕ್ಷತ್ರಮೀನು ಕಂಡು ಕುಣಿದಳು. ಯಜಮಾನರು ಕ್ಯಾಮೆರಾ ಹಿಡಿದು ಗುಂಡಿಯಿಂದ ಗುಂಡಿಗೆ ಹಾರಿದರು. ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಒಂದು ಕಲ್ಲಿನ ಮೇಲೆ ಕೂತು ನೀರನ್ನೇ ನೋಡುತ್ತಿದ್ದರು.

"ನೀರು ಮ್ಯಾಕ್ಕೆ ಬತ್ತಾ ಅದೆ ಕಣವ್ವ," ಎಂದರು. "ಆಗ್ಲೇ ಆ ಕಪ್ಪು ಕಲ್ಲು ಪೂರಾ ಕಾಣ್ತಿತ್ತು. ಈಗ ತಲೆ ಅಷ್ಟೇ ಅದೆ."

ಎರಡೂವರೆ ತಿಂಗಳು ಒಂದೇ ಬೆಡ್‌ರೂಮಿನ ಅಪಾರ್ಟ್‌ಮೆಂಟಿನಲ್ಲಿ ಅತ್ತೆಯೊಂದಿಗೆ ಹೆಗಲಿಗೆ ಹೆಗಲು ತಾಗಿಸಿಕೊಂಡು ಇದ್ದೆ. ಸಾರಿಗೆ ಉಪ್ಪು ಜಾಸ್ತಿ, ಮಗುವಿಗೆ ಬಟ್ಟೆ ಕಮ್ಮಿ, ಬಾಗಿಲಿಗೆ ಚಿಲಕ ಹಾಕಿಲ್ಲ. ಇಲ್ಲಿಯೂ ಶುರುವಾಯಿತಲ್ಲ ಎಂದು ರೇಗಿತು.

"ಅವರು ಚಾರ್ಟ್ ನೋಡಿಕೊಂಡೇ ಬಂದಿದಾರೆ ಅತ್ತೆ. ನೀರು ಇನ್ನೂ ಇಳೀತಾ ಇದೆ. ಸುಮ್ನೆ ಕೂತ್ಕೊಳ್ಳಿ."

ಅತ್ತೆ ಮತ್ತೆ ನೀರಿನ ಕಡೆಗೇ ತಿರುಗಿದರು. ನಾಲೆಗೆ ನೀರು ಬಿಟ್ಟಾಗ ಗದ್ದೆಯ ಬದುವಿನ ಮೇಲೆ ನಿಂತು ಅದು ಏರುವುದನ್ನು ಐವತ್ತು ವರ್ಷ ನೋಡಿದವರು. ಅದು ನನಗೆ ಆಗ ಹೊಳೆಯಲಿಲ್ಲ. ಇನ್ನೂ ಹತ್ತು ನಿಮಿಷ ಹಾಗೆಯೇ ಕಳೆದೆವು. ಗಡಿಯಾರದ ತಪ್ಪು ಯಜಮಾನರದಾದರೆ ಆ ಹತ್ತು ನಿಮಿಷದ ತಪ್ಪು ನನ್ನದು.

ಬಂಡೆಯ ಬಳಿಗೆ ವಾಪಸು ಬಂದಾಗ ಮರಳು ಇರಲಿಲ್ಲ. ಅಲೆ ಬಂದು ಬಂಡೆಗೆ ಬಡಿದು, ಸೊಂಟದೆತ್ತರ ನೊರೆಯೆಬ್ಬಿಸಿ, ಕಲ್ಲುಗಳನ್ನು ಗರಗರ ಉರುಳಿಸಿಕೊಂಡು ಹಿಂದೆ ಸರಿಯುತ್ತಿತ್ತು. ಯಜಮಾನರು ಕೈಗಡಿಯಾರ ನೋಡಿದರು, ಚೀಟಿ ನೋಡಿದರು, ಮತ್ತೆ ಕೈಗಡಿಯಾರ ನೋಡಿದರು. "ಇನ್ನೂ ಟೈಮಿದೆಯಲ್ಲೇ," ಎಂದರು, ನೀರೇ ತಪ್ಪು ಮಾಡುತ್ತಿದೆ ಎಂಬಂತೆ.

ನಮ್ಮ ಹಿಂದೆ ಗೋಡೆಯಂತೆ ಎದ್ದಿದ್ದ ಮಣ್ಣಿನ ಗುಡ್ಡ ಹತ್ತಲು ಬರುವಂಥದ್ದಲ್ಲ. ಮುಟ್ಟಿದರೆ ಉದುರುತ್ತಿತ್ತು. ಅದರ ಮೇಲೆ ನನ್ನ ತಲೆಗಿಂತ ಎತ್ತರದವರೆಗೆ ಒದ್ದೆಯ ಗೆರೆ ಇತ್ತು. ಅಲ್ಲೇ ನಿಂತರೆ ಏನಾಗುತ್ತದೆ ಎಂದು ಆ ಗೆರೆಯೇ ಹೇಳುತ್ತಿತ್ತು. ದಾಟಬೇಕಾದದ್ದು ಮೂವತ್ತು ಹೆಜ್ಜೆ.

"ನಾನು ಮಗೂನ ಎತ್ಕೊಂಡು ಹೋಗ್ತೀನಿ. ನೀನು ಅವ್ವನ ಕೈ ಹಿಡ್ಕೊಂಡು ಹಿಂದೇನೇ ಬಾ. ಅಲೆ ಹಿಂದೆ ಹೋದ ತಕ್ಷಣ ಓಡ್ಬೇಕು," ಎಂದರು. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ನೀರಿಗಿಳಿದರು. ಮಗಳು ಅವರ ಕೂದಲು ಹಿಡಿದು "ಅಪ್ಪ, ನೋ! ಅಪ್ಪ, ನೋ!" ಎಂದು ಚೀರುತ್ತಿದ್ದಳು. ತೊಡೆಯವರೆಗೆ ಒದ್ದೆಯಾಗಿ ಅವರು ಆಚೆ ಮುಟ್ಟಿದ್ದನ್ನು ಕಂಡು ನನಗೆ ಉಸಿರು ಬಂತು.

ಈಗ ನಮ್ಮಿಬ್ಬರ ಸರದಿ. ಅತ್ತೆ ಸೀರೆಯನ್ನು ಮೊಣಕಾಲ ಮೇಲಕ್ಕೆ ಕಟ್ಟಿಕೊಂಡರು. ನಾನು ಅವರ ಅಂಗೈ ಹಿಡಿದೆ. ಒರಟು ಕೈ, ಬೆಚ್ಚಗಿತ್ತು. ಅಷ್ಟು ತಿಂಗಳಲ್ಲಿ ಅವರ ಕೈಯನ್ನು ಅಷ್ಟು ಗಟ್ಟಿಯಾಗಿ ಹಿಡಿದದ್ದು ಅದೇ ಮೊದಲು. ಅಲೆ ಸರಿಯಿತು, ಓಡಿದೆವು. ಅರ್ಧ ದಾಟಿರಬೇಕು, ಅವರ ಕಾಲು ಪಾಚಿಯ ಮೇಲೆ ಜಾರಿತು. ಎತ್ತಿ ನಿಲ್ಲಿಸುವಷ್ಟರಲ್ಲಿ ಮುಂದಿನ ಅಲೆ ಎದ್ದು ನಿಂತಿತ್ತು. ಅದರ ಬಣ್ಣ ಕಂದು. ಅದು ನನ್ನ ಎದೆಯೆತ್ತರಕ್ಕಿತ್ತು.

ಅಲೆ ನಮ್ಮ ಕೈ ಬಿಡಿಸಿತು ಎಂದು ಇಲ್ಲಿ ಬರೆದರೆ ಯಾರೂ ಇಲ್ಲವೆನ್ನುವುದಿಲ್ಲ. ಆದರೆ ಅಲೆ ಇನ್ನೂ ಎರಡು ಮಾರು ದೂರವಿರುವಾಗಲೇ ನಾನು ಕೈ ಬಿಟ್ಟೆ. ಬಿಟ್ಟು ಎರಡೂ ಕೈಗಳಿಂದ ಬಂಡೆಯ ಬಿರುಕು ತಬ್ಬಿಕೊಂಡೆ. ಕೈ ಬಿಟ್ಟಾಗ ಅತ್ತೆ ನನ್ನ ಮುಖ ನೋಡಿದರು.

ನೀರು ಇಳಿದಾಗ ಅವರು ನನ್ನ ಪಕ್ಕದಲ್ಲಿರಲಿಲ್ಲ. ಹತ್ತು ಹೆಜ್ಜೆ ಕೆಳಗೆ ಎರಡು ಕಲ್ಲುಗಳ ನಡುವೆ ಸೀರೆ ಸಿಕ್ಕಿಹಾಕಿಕೊಂಡು ಬಿದ್ದಿದ್ದರು. ಯಜಮಾನರು ಮಗಳನ್ನು ಮರಳಿನ ಮೇಲೆ ಬಿಟ್ಟು ಓಡಿಬಂದು, ರಟ್ಟೆ ಹಿಡಿದು ಎಳೆದು, ಎಳೆದೇ ಆಚೆ ತಂದರು. ನಾನು ಯಾವಾಗ ದಾಟಿದೆನೋ ನೆನಪಿಲ್ಲ. ಅತ್ತೆಯ ಮಂಡಿ ಸೀಳಿತ್ತು, ಕನ್ನಡಕ ಹೋಗಿತ್ತು. ಉಪ್ಪುನೀರು ಕಕ್ಕಿ, ಉಸಿರು ತೆಗೆದುಕೊಂಡು, ಮೊದಲು ಕೇಳಿದ್ದು, "ಮಗು ಎಲ್ಲಿ?"

ಯಜಮಾನರು ಅಳುತ್ತಿದ್ದರು. "ಏನಾಯ್ತವ್ವ? ಇವ್ಳು ಕೈ ಹಿಡ್ಕೊಂಡಿರಲಿಲ್ವಾ?"

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ ಹೇಳಿದರು: "ಹಿಡ್ಕಂಡಿದ್ಲು ಕಣ್ಲಾ. ಬುಡ್ನಿಲ್ಲ ಅವ್ಳು. ನಾನೇ ಜಾರ್ಬುಟ್ಟೆ."

ಮುಂದೆ ಯಾರ ಮನೆಗೆ ಊಟಕ್ಕೆ ಹೋದರೂ ಆ ಕಥೆ ಬಂದೇ ಬರುತ್ತಿತ್ತು. ಮಗನ ಗಡಿಯಾರವನ್ನು ಅತ್ತೆ ಎಲ್ಲರೆದುರು ಗೇಲಿ ಮಾಡುತ್ತಿದ್ದರು. ಕೊನೆಗೆ, ಸೊಸೆ ಕೈ ಬಿಡಲಿಲ್ಲ, ಅದಕ್ಕೇ ಉಳಿದೆ ಎನ್ನುತ್ತಿದ್ದರು. ಎಲ್ಲರೂ ನನ್ನತ್ತ ಮೆಚ್ಚಿ ನೋಡುವಾಗ ನನಗೆ ನೆಲಕ್ಕಿಳಿದುಹೋಗುವಷ್ಟು ನಾಚಿಕೆಯಾಗುತ್ತಿತ್ತು. ನಿಜ ಹೇಳುವ ಧೈರ್ಯ ಒಂದು ದಿನವೂ ಬರಲಿಲ್ಲ. ಅವರು ನನ್ನನ್ನು ಕಾಪಾಡುತ್ತಿದ್ದಾರೆಯೇ, ಅಥವಾ ಅವರಿಗೆ ನಿಜವಾಗಿಯೂ ಹಾಗೆಯೇ ನೆನಪಿದೆಯೇ ಎಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡೆ.

ಉತ್ತರ ಸಿಕ್ಕಿದ್ದು ನಮ್ಮ ಮನೆಯ ಹತ್ತಿರದ ರಸ್ತೆಯಲ್ಲಿ. ಗ್ರೋಸರಿಗೆ ಹೋಗಲು ಆರು ಸಾಲು ಕಾರುಗಳ ದೊಡ್ಡ ರಸ್ತೆ ದಾಟಬೇಕಿತ್ತು. ಬಂದ ಹೊಸದರಲ್ಲಿ ಅತ್ತೆ ಅಲ್ಲಿ ಹೆದರಿ ನನ್ನ ಮೊಣಕೈ ಹಿಡಿದುಕೊಳ್ಳುತ್ತಿದ್ದರು. ಈಗ ಫುಟ್‌ಪಾತಿನ ಅಂಚಿಗೆ ಬಂದೊಡನೆ ಚೀಲವನ್ನು ನನ್ನ ಕಡೆಯ ಕೈಗೆ ಬದಲಾಯಿಸಿಕೊಳ್ಳುತ್ತಿದ್ದರು. ಒಂದು ದಿನ ಮಗಳೂ ಜೊತೆಗಿದ್ದಾಗ ತಡೆಯಲಾರದೆ ನಾನೇ ಕೈ ಚಾಚಿದೆ.

"ಬ್ಯಾಡ ಕಣವ್ವ," ಎಂದರು ಅತ್ತೆ. ದನಿಯಲ್ಲಿ ಸಿಟ್ಟಿರಲಿಲ್ಲ. "ನೀನು ಮಗೂನ ಹಿಡ್ಕೊ. ನಾನು ಬತ್ತೀನಿ."

ಸಿಗ್ನಲ್ ದೀಪ ಬದಲಾಯಿತು. ಅವರು ಎರಡೂ ಕಡೆ ನೋಡಿ, ಒಬ್ಬರೇ ರಸ್ತೆಗಿಳಿದರು.