ಇದ್ದದ್ದು ಒಂದೇ ಬೆಲ್ಟು

ನಾನು ಸುಳ್ಳು ಹೇಳಿದೆ. ನನ್ನ ಬಾಮೈದ ಸತೀಶ ಮರದಿಂದ ಬಿದ್ದ ದಿನ, "ಬೆಲ್ಟು ಹಾಕ್ಕೋ ಅಂತ ಹೇಳ್ದೆ, ಕೇಳಲಿಲ್ಲ" ಎಂದು ಅವನ ಹೆಂಡತಿ ರೇಖಾಳ ಮುಂದೆ ಹೇಳಿದೆ. ಹಾಗೆ ನಾನು ಹೇಳಿರಲೇ ಇಲ್ಲ. ಹೇಳುವ ಹಾಗೂ ಇರಲಿಲ್ಲ — ಇದ್ದದ್ದು ಒಂದೇ ಬೆಲ್ಟು, ಅದು ನನ್ನ ಮೈಮೇಲಿತ್ತು.

ಆರು ವರ್ಷದಿಂದ ಈ ಸುಳ್ಳನ್ನು ಹೊತ್ತು ಸಾಕಾಗಿಹೋಗಿದೆ. ಅದಕ್ಕಿಂತ ಸಾಕಾಗಿರುವುದು ಜನ ನನಗೆ ಕೊಡುವ ಮರ್ಯಾದೆ. ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಡ್ಯಾನ್‌ವಿಲ್ಲಿನ ನಮ್ಮ ಬಳಗದಲ್ಲಿ ಯಾರಿಗೆ ಬಿಲ್ಲು ಹಿಡಿದು ಜಿಂಕೆ ಬೇಟೆಗೆ ಹೋಗುವ ಹುಚ್ಚು ಹತ್ತಿದರೂ ಮೊದಲು ನನಗೇ ಫೋನು. ಮರದ ಮೇಲೆ ಅಟ್ಟಣೆ ಕಟ್ಟಿ ಕೂರುವುದು ಹೇಗೆ ಸಾರ್, ನಮಗಿದು ಮೊದಲ ಸಲ... ನಾನೂ ನಾಚಿಕೆಯಿಲ್ಲದೆ ಒಪ್ಪಿಸುತ್ತೇನೆ. ಗಾಳಿ ನಿಮ್ಮ ಮುಖಕ್ಕೆ ಬೀಸಬೇಕು, ಬೆನ್ನಿಗಲ್ಲ. ಬಿಲ್ಲು ಹಿಡಿದುಕೊಂಡು ಹತ್ತಬೇಡಿ, ಮೇಲೆ ಕೂತ ನಂತರ ಹಗ್ಗದಲ್ಲಿ ಎಳೆದುಕೊಳ್ಳಿ. ಎಲ್ಲಕ್ಕಿಂತ ಮೊದಲು, ಕಾಲು ನೆಲ ಬಿಡುವ ಮುಂಚೆಯೇ, ಎದೆಗೂ ತೊಡೆಗೂ ಬೆಲ್ಟು ಬಿಗಿದು ಅದನ್ನು ಮರಕ್ಕೆ ಕಟ್ಟಿಕೊಳ್ಳಿ — "ನಮ್ಮ ಸತೀಶನ್ನೇ ನೋಡಿ." ಅವನ ಕುಂಟುಗಾಲು ತೋರಿಸಿ ಪಾಠ ಹೇಳುತ್ತೇನೆ. ಎಂಥ ಮನುಷ್ಯ ನಾನು!

ಸತೀಶ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಲ್ಯಾಬಿನಲ್ಲಿದ್ದಾನೆ. ಕೈಗವಸಿಲ್ಲದೆ ಒಂದು ಶೀಶೆ ಮುಟ್ಟುವವನಲ್ಲ. ಅಂಥವನು ಬೆಲ್ಟು ಬೇಡವೆಂದ ಅಂದರೆ ಯಾರಾದರೂ ನಂಬಬೇಕೇ? ನಂಬಿದರು. ಹೇಳಿದವನು ಮನೆಯ ಹಿರಿ ಅಳಿಯನಲ್ಲವೇ.

ನನ್ನ ಅನುಭವವಾದರೂ ಎಷ್ಟು? ಎರಡು ವರ್ಷ ಮರ ಹತ್ತಿದ್ದೆ, ಒಂದು ಜಿಂಕೆಗೂ ಬಾಣ ತಾಗಿಸಿರಲಿಲ್ಲ. ಆದರೂ ಆರು ತಿಂಗಳು ಅವನಿಗೆ ಗುರುವಾಗಿ ಮೆರೆದೆ. ತಲೆಗೆ ಕೊಬ್ಬರಿ ಎಣ್ಣೆ ಬೇಡ. ಬೇಟೆಯ ಬಟ್ಟೆ ದೇವರ ಗೂಡಿನ ಹತ್ತಿರ ಇಡಬೇಡ, ಊದುಬತ್ತಿಯ ವಾಸನೆಗೆ ಜಿಂಕೆ ಹತ್ತಿರ ಸುಳಿಯುವುದಿಲ್ಲ. ಚಕ್ಕುಲಿ ತರಬೇಡ, ಕಟುಮ್ ಅಂದರೆ ಗುಡ್ಡಕ್ಕೆಲ್ಲ ಕೇಳುತ್ತದೆ. ಎಲ್ಲವನ್ನೂ ಅವನು ಚಾಚೂ ತಪ್ಪದೆ ಮಾಡಿದ.

ಅವನಿಗೆಂದು ತರಿಸಿದ್ದ ಬೆಲ್ಟು ಮಾತ್ರ ಬರುವುದು ತಡವಾಯಿತು. ಮಂಗಳವಾರ ಬರುವುದಿತ್ತು. ಬುಧವಾರ ಭೀಮನ ಅಮಾವಾಸ್ಯೆ, ಮರುದಿನದಿಂದ ಶ್ರಾವಣ. ಶ್ರಾವಣ ಹಿಡಿದರೆ ನಮ್ಮತ್ತೆ ಮನೆಯೊಳಗೆ ಮೊಟ್ಟೆಯನ್ನೂ ಬಿಡುವುದಿಲ್ಲ. ಅದು ಮುಗಿಯುವಷ್ಟರಲ್ಲಿ ಬಿಲ್ಲಿನ ಬೇಟೆಯ ಕಾಲವೂ ಮುಗಿದಿರುತ್ತದೆ. ಹಾಗಾಗಿ ಉಳಿದದ್ದು ಅದಕ್ಕೆ ಮುಂಚಿನ ಭಾನುವಾರ ಒಂದೇ. ಬೇರೆ ಬೇಟೆಗಾರರಿಗೆ ಈ ಅವಸರವೇ ಇರಲಿಲ್ಲ, ಜಿಂಕೆಗಂತೂ ಪಂಚಾಂಗ ಗೊತ್ತಿಲ್ಲ — ನನಗೆ ಗೊತ್ತಿತ್ತಲ್ಲ, ಅದೇ ಕರ್ಮ. ಒಂದು ವರ್ಷ ಕಾಯಬಹುದಿತ್ತು. ಆದರೆ ಈ ಸಲ ಬಾಡೂಟ ನಂದು ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದೆ.

ಲಿವರ್‌ಮೋರ್ ಆಚೆಯ ಗುಡ್ಡದಲ್ಲಿ, ಪರಿಚಯದವರ ಜಾಗದಲ್ಲಿ, ಎರಡು ಓಕ್ ಮರಗಳಿಗೆ ಅಟ್ಟಣೆ ಕಟ್ಟಿದ್ದೆವು. ಬೆಳಗಿನ ಮಬ್ಬಿನಲ್ಲಿ ನಾನು ಬೆಲ್ಟು ಬಿಗಿದುಕೊಳ್ಳುತ್ತಿದ್ದಾಗ ಅವನು ಕೇಳಿದ: "ಭಾವ, ನಂಗೆ?"

"ನಿನ್ನ ಮರ ಗಿಡ್ಡ ಕಣೋ. ಅಲ್ಲಾಡದೆ ಕೂತ್ಕೋ, ಏನೂ ಆಗಲ್ಲ."

ಅಷ್ಟೇ. ಅವನು ಹತ್ತಿದ.

ಬಿಸಿಲೇರಿತು, ಜಿಂಕೆ ಬರಲಿಲ್ಲ. ಇಳಿಯೋಣವೆಂದು ಕೈ ಮಾಡಿದೆ. ಅವನು ತಿರುಗಿ ಏಣಿಗೆ ಕಾಲಿಡಲು ಹೋದ — ಕಾಲು ಏಣಿಗೆ ಸಿಗಲಿಲ್ಲ. ಕೂಗಲೂ ಇಲ್ಲ. ಧೊಪ್ಪೆಂದು ಸದ್ದು ಮಾತ್ರ. ನಾನು ಓಡಬೇಕಾದರೆ ಮೊದಲು ಬೆಲ್ಟು ಬಿಚ್ಚಬೇಕಿತ್ತು. ಆ ಬಕಲ್ಲು ಬಿಚ್ಚುವಷ್ಟು ಹೊತ್ತೂ ಅವನು ಒಬ್ಬನೇ ನೆಲದ ಮೇಲೆ ಬಿದ್ದಿದ್ದ. ಬಲಗಾಲಿನ ಹಿಮ್ಮಡಿ ಪುಡಿಯಾಗಿತ್ತು.

ಆಸ್ಪತ್ರೆಗೆ ರೇಖಾ ಓಡಿಬಂದಳು. "ಬೆಲ್ಟು ಹಾಕಿರಲಿಲ್ವಾ ಅಣ್ಣ?" ಎಂದು ನನ್ನನ್ನು ಕೇಳಿದಳು. ಅವನನ್ನಲ್ಲ, ನನ್ನನ್ನು. ಆಗ ಆ ಮಾತು ನನ್ನ ಬಾಯಿಂದ ಬಂತು. ಹಾಸಿಗೆಯಲ್ಲಿದ್ದ ಸತೀಶ ನನ್ನನ್ನೇ ನೋಡಿದ. ನಾನು ಕಣ್ಣು ತಪ್ಪಿಸಿದೆ. ಅವನು ಹೇಳಿದ, "ಹೌದು ರೇಖಾ, ಭಾವ ಹೇಳಿದ್ರು. ನಾನೇ ಕೇಳಲಿಲ್ಲ."

ಯಾಕಪ್ಪ ಸತೀಶ, ಹಾಗಂದೆ? ಒಂದು ಸಲ ಬಯ್ದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತಲ್ಲ!

ಬುಧವಾರ ಭೀಮನ ಅಮಾವಾಸ್ಯೆ. ಗಂಡನ ಪಾದಪೂಜೆ ತಪ್ಪಿಸಬಾರದೆಂದು ರೇಖಾ ಆಸ್ಪತ್ರೆಯಲ್ಲೇ ಅವನ ಪಾದಕ್ಕೆ ಅರಿಶಿನ ಕುಂಕುಮ ಹಚ್ಚಿದಳು. ಬಲಗಾಲಿನಲ್ಲಿ ಪಟ್ಟಿಯಿಂದ ಹೊರಗಿದ್ದದ್ದು ಹೆಬ್ಬೆರಳೊಂದೇ. "ಹೇಳಿದ ಮಾತು ಕೇಳೋ ಬುದ್ಧಿ ಕೊಡಪ್ಪ ಇವರಿಗೆ" ಎಂದು ಅಳುತ್ತಲೇ ಬೇಡಿಕೊಂಡಳು. ನಾನು ಪಕ್ಕದಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದೆ.

ಆಮೇಲೆ ಆ ಮನೆಯಲ್ಲಿ ಅವನ ಮಾತಿಗೆ ಬೆಲೆಯೇ ಇಲ್ಲವಾಯಿತು. ಫ್ರೀವೇಯಲ್ಲಿ ಮಗಳು ಜೊತೆಗಿದ್ದರೆ ಕಾರು ಓಡಿಸುವವಳು ರೇಖಾ. ಮಗಳ ಈಜಿಗೆ, ಗುಡ್ಡ ಹತ್ತುವುದಕ್ಕೆ ಜೊತೆ ಹೋಗುವವಳೂ ಅವಳೇ. ಅವನು ನಗುತ್ತಾ ಒಪ್ಪಿಕೊಳ್ಳುತ್ತಾನೆ. ಆ ನಗು ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ — ಅವನ ಮೇಲಲ್ಲ, ಆದರೂ ಅವನ ಮೇಲೆಯೇ ರೇಗುತ್ತೇನೆ.

ಹೋದ ವಾರ ರೇಖಾ ಫೋನು ಮಾಡಿದಳು. ಮಗಳು ಅನಘಾಗೆ ಅಪ್ಪನ ಜೊತೆ ಇಬ್ಬರೇ ಕ್ಯಾಂಪಿಂಗಿಗೆ ಹೋಗುವ ಆಸೆಯಂತೆ. "ನೀವು ಜೊತೆಗಿದ್ರೆ ಮಾತ್ರ ಕಳಿಸ್ತೀನಿ ಅಣ್ಣ. ಇವರನ್ನ ನಂಬಿ ಮಗುನ ಬಿಡಕ್ಕಾಗಲ್ಲ." ಹಿಂದಿನಿಂದ ಅನಘಾ, "ಮಾಮ, ಪ್ಲೀಸ್, ಸೇ ಯೆಸ್!" ಎಂದು ಕೂಗಿದಳು. ಸತೀಶ, "ಬನ್ನಿ ಭಾವ" ಅಂದ.

ಮರುದಿನ ಅವನಿಗೊಬ್ಬನಿಗೇ ಫೋನು ಮಾಡಿ, ನಿಜ ಹೇಳಿಬಿಡುತ್ತೇನೆ ಅಂದೆ. "ಈಗ್ಯಾಕೆ ಭಾವ, ಬಿಡಿ. ಅಕ್ಕಂಗೆ ಬೇಜಾರಾಗತ್ತೆ" ಅಂದ. ಅವನ ಅಕ್ಕ ಅಂದರೆ ನನ್ನ ಹೆಂಡತಿ. ಆಗಲಿ ಬೇಜಾರು. ಆರು ವರ್ಷದ ಹಿಂದೆಯೇ ಆಗಬೇಕಿತ್ತು.

ರೇಖಾ, ಇದನ್ನು ಮೊದಲು ನಿನಗೇ ಕಳಿಸುತ್ತಿದ್ದೇನೆ. ಸತೀಶನಿಗೆ ತೋರಿಸಿದರೆ ಅಳಿಸಿಹಾಕಿ ಅನ್ನುತ್ತಾನೆ. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಕ್ಯಾಂಪಿಂಗಿಗೆ ನಾನು ಬರುವುದಿಲ್ಲ. ಮಗಳನ್ನು ಅವಳ ಅಪ್ಪನ ಜೊತೆ ಕಳಿಸು — ಆ ದಿನ ನಮ್ಮಿಬ್ಬರಲ್ಲಿ ಬೆಲ್ಟು ಕೇಳಿದವನು ಅವನೇ.