ಇದೂ ಗಡ್ಡೆನಾ ಸಾ?

ರಾಮನಗರದ ಲ್ಯಾಬಿನಲ್ಲಿ ಸ್ಲೈಡುಗಳಿಗೆ ಬಣ್ಣ ಹಾಕುತ್ತಿದ್ದ ಆಕೆ ಪಕ್ಕದ ಹಳ್ಳಿ ಕೈಲಾಂಚದವರು. ರೇಷ್ಮೆಗೂಡು ಆರಿಸಿ ಪಳಗಿದ ಕೈ. ಎಡಗೈಯಲ್ಲೊಂದು ಒಳ್ಳೆಯ ಗೂಡು ಹಿಡಿದುಕೊಂಡು ಉಳಿದವನ್ನು ಅದರ ಪಕ್ಕ ಇಟ್ಟು ನೋಡುವುದು ಅವರ ಮನೆಯ ರೂಢಿಯಂತೆ. ಲ್ಯಾಬಿನಲ್ಲೂ ಅದೇ ಮಾತು: “ಚೆನ್ನಾಗಿರೋದ್ನ ಮೊದ್ಲು ನೋಡ್ಬೇಕು ಸಾ.”

ನಾನು ಚಿನ್ನದ ಪದಕದ ಡಾಕ್ಟರು. ಮೊದಲು ನೋಡುತ್ತಿದ್ದುದು ನನ್ನ ಸಹಿ ಚೆನ್ನಾಗಿ ಬಂದಿದೆಯೇ ಎಂದು.

ಒಮ್ಮೆ ಬೈರಾಪಟ್ಟಣದ ರೈತರೊಬ್ಬರ ಎದೆಯಲ್ಲಿ ನೀರು ತುಂಬಿ, ಶ್ವಾಸಕೋಶದ ಸುತ್ತಲಿನ ಪೊರೆಯ ಚೂರೊಂದು ಪರೀಕ್ಷೆಗೆ ಬಂತು. ಬಣ್ಣ ಹಾಕಿದಾಗ ನಾವು ಹುಡುಕುತ್ತಿದ್ದ ಪ್ರೋಟೀನು ಕಂದು ಬಣ್ಣದಲ್ಲಿ ಎದ್ದು ಕಂಡಿತು.

“ನೋಡಿ ಅಕ್ಕ, ಮಗು ಹೊಟ್ಟೇಲಿದ್ದಾಗ ಈ ಪೊರೆ ಬೆಳೆಯುತ್ತಲ್ಲ, ಆಗಲೇ ಇರೋ ಪ್ರೋಟೀನು ಇದು. ಪೊರೆಯ ಗಡ್ಡೆಯಲ್ಲೂ ಇರುತ್ತೆ. ಇದು ಕ್ಯಾನ್ಸರೇ” ಎಂದು ಭಾಷಣ ಬಿಗಿದು ವರದಿ ಬರೆಯತೊಡಗಿದೆ.

ಆಕೆ ಮೈಕ್ರೋಸ್ಕೋಪಿನಲ್ಲಿ ಇನ್ನೊಂದು ಸ್ಲೈಡ್ ಇಟ್ಟರು. ಅದೂ ಅಷ್ಟೇ ಕಂದು.

“ಇದೂ ಗಡ್ಡೆನಾ ಸಾ?”

“ಅನುಮಾನವೇ ಇಲ್ಲ” ಎಂದೆ.

“ಇದು ಚೆನ್ನಾಗಿರೋ ಪೊರೆ ಸಾ. ಬಣ್ಣ ಬಂದ್ರೆ ಪೊರೆ ಅಂತ ಅಷ್ಟೇಯ. ಕೆಟ್ಟೋಗೈತೆ ಅಂತ ಅಲ್ಲ.”

ವರದಿ ಹರಿದೆ. ಮತ್ತೆ ಹುಡುಕಿದಾಗ ಸಿಕ್ಕಿದ್ದು ಕ್ಷಯ.

ವಾಸಿಯಾದ ಮೇಲೆ ಆ ರೈತರು ಎಳನೀರಿನ ಗೊನೆ ಹೊತ್ತು ಬಂದರು. “ಎಂಥಾ ಕಣ್ಣು ಸಾ ನಿಮ್ದು! ಸರ್ಯಾಗಿ ಕಂಡಿಡಿದ್ಬುಟ್ರಿ” ಎಂದು ಕೈಮುಗಿದರು. ನಾನು ಆಕೆಯ ಕಡೆ ತಿರುಗಿದೆ.

ಸ್ಲೈಡ್ ತೊಳೆಯುತ್ತಿದ್ದ ಆಕೆ ತಲೆ ಎತ್ತದೆಯೇ ಹೇಳಿದರು: “ಎಳ್ನೀರು ಇಸ್ಕೊಳ್ಳಿ ಸಾ.”

ಇಸಿದುಕೊಂಡೆ.