ಗಾಡಿ ನಿಲ್ಲಿಸು ಎನ್ನದ ಹೆಂಗಸು

ನಿಮ್ಮ ಅಜ್ಜ ನಾಲ್ಕು ಜನರ ಮುಂದೆ ನನ್ನನ್ನು ಹೊಗಳುತ್ತಿದ್ದದ್ದು ಒಂದೇ ಮಾತಿಗೆ. ‘ನಮ್ಮಾಕಿ ಎಷ್ಟ ದೂರ ಹೋದ್ರೂ ಗಾಡಿ ನಿಲ್ಲಸು ಅನ್ನಂಗಿಲ್ಲ’ ಎನ್ನುತ್ತಿದ್ದರು. ನನ್ನ ಅಡುಗೆಯನ್ನು ಹಾಗೆ ಹೊಗಳಿದ್ದು ನೆನಪಿಲ್ಲ. ಆ ಮಾತಿನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಅವರು ಹೋಗಿ ಎರಡು ವರ್ಷವಾಯಿತು, ಸಿಟ್ಟು ಹೋಗಿಲ್ಲ.

ಮೊನ್ನೆ ಶಾಲೆಯ ಪ್ರವಾಸಕ್ಕೆ ಹೊರಟ ದೊಡ್ಡ ಮೊಮ್ಮಗಳು ಬಾಟಲಿಯ ನೀರನ್ನು ಬಚ್ಚಲಿಗೆ ಸುರಿಯುತ್ತಿದ್ದಳು. ಯಾಕೆಂದು ಕೇಳಿದರೆ, ಕುಡಿದರೆ ಬಸ್ಸಿನಲ್ಲಿ ತ್ರಾಸಾಗುತ್ತದೆ ಎಂದಳು. ನನಗೆ ಎದೆಯಲ್ಲಿ ಕೆಂಡ ಇಟ್ಟಂತಾಯಿತು, ಆದರೆ ಬಾಯಿಂದ ಮಾತು ಹೊರಡಲಿಲ್ಲ. ಇಂಥದ್ದನ್ನು ಆಡಲು ನನಗೆ ನಾಚಿಕೆ. ಬರೆಯುವಾಗ ಅಷ್ಟಾಗುವುದಿಲ್ಲ. ಮೊಮ್ಮಕ್ಕಳಲ್ಲಿ ಗಂಡುಮಕ್ಕಳೂ ಇದನ್ನು ಓದಬೇಕು. ಇದು ಅಜ್ಜಿಯ ನಾಚಿಕೆಯ ವಿಷಯ ಎಂದು ಬದಿಗಿಡಬೇಡಿರಿ.

ನಾನು ಏಳನೆಯ ತರಗತಿಯವರೆಗೆ ಕಲಿತ ಹಳ್ಳಿಯ ಶಾಲೆಗೆ ಎರಡು ಕೋಣೆ, ಮುಂದೊಂದು ಬೇವಿನ ಗಿಡ. ಹುಡುಗರು ಗೋಡೆಯ ಹಿಂದೆ ಹೋಗಿ ಬರುತ್ತಿದ್ದರು. ಹುಡುಗಿಯರಿಗೆ ಹೋಗಲು ಜಾಗವಿರಲಿಲ್ಲ. ಆದ್ದರಿಂದ ಬೆಳಿಗ್ಗೆ ರೊಟ್ಟಿ ತಿಂದು ಎರಡು ಗುಟುಕು ನೀರು ಕುಡಿದರೆ ಮುಗಿಯಿತು, ಮತ್ತೆ ನೀರು ಸಂಜೆ ಮನೆಯಲ್ಲಿಯೇ. ಹುಡುಗಿಯರು ಪಾಠದ ನಡುವೆ ಎದ್ದು ಹೋಗುವುದಿಲ್ಲ, ಅವರನ್ನು ನೋಡಿ ಕಲಿಯಿರಿ ಎಂದು ಮಾಸ್ತರರು ಹುಡುಗರಿಗೆ ಬೈಯುತ್ತಿದ್ದರು. ನಮಗೆ ಅದೇ ದೊಡ್ಡ ಮರ್ಯಾದೆ ಅನಿಸುತ್ತಿತ್ತು. ಬಾಯಾರಿಕೆ ತಡೆಯುವುದು ಜಾಣತನ ಎಂದು ನಂಬಿಕೊಂಡೇ ನಾನು ಈ ಊರಿಗೆ ಸೊಸೆಯಾಗಿ ಬಂದೆ.

ಮದುವೆ, ಜಾತ್ರೆಗೆಂದು ಬಾಡಿಗೆ ಗಾಡಿಯಲ್ಲಿ ಹೋಗುವಾಗಿನಿಂದಲೇ ನಿಮ್ಮ ಅಜ್ಜನ ಆ ಹೊಗಳಿಕೆ ಸುರುವಾಗಿತ್ತು. ನಿವೃತ್ತರಾದ ಮೇಲೆ ಅವರು ಕಾರು ಕೊಂಡರು. ಇಬ್ಬರೇ ಹೋಗೋಣ, ನಾಲ್ಕು ದಿನ, ಐದು ಊರು ಎಂದರು. ಬಾದಾಮಿ, ವಿಜಯಪುರ, ಪಂಢರಪುರ, ಕೊಲ್ಲಾಪುರ, ಬೆಳಗಾವಿ. ಎಲ್ಲೆಲ್ಲಿ ನಿಲ್ಲಬೇಕೆಂದು ಒಂದು ಹಾಳೆಯಲ್ಲಿ ಬರೆದಿದ್ದರು. ಅದರಲ್ಲಿ ಚಹಾದ ಅಂಗಡಿ ಇತ್ತು, ಗಾಲಿಗೆ ಗಾಳಿ ಹಾಕಿಸುವ ಜಾಗ ಇತ್ತು, ಗುಡಿಗಳಿದ್ದವು. ನನಗೆ ಬೇಕಾದ ಜಾಗ ಒಂದೂ ಇರಲಿಲ್ಲ. ಅವರಿಗೇನು, ಜಾಲಿಗಿಡ ಕಂಡಲ್ಲಿ ಗಾಡಿ ಬದಿಗೆ ಹಾಕಿ ಇಳಿಯುತ್ತಿದ್ದರು, ಹಾಡು ಗುನುಗುತ್ತ ಬಂದು ಕೂಡುತ್ತಿದ್ದರು. ನಾನು ಕಿಟಕಿಯ ಆಚೆ ನೋಡುತ್ತಿದ್ದೆ. ನೀನೂ ಇಳಿಯಬೇಕೇನು ಎಂದು ಒಮ್ಮೆ ಕೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ವಿಜಯಪುರದಲ್ಲಿ ಅವರ ಚಿಕ್ಕಪ್ಪನ ಮಗನ ಮನೆಗೆ ಊಟಕ್ಕೆ ಹೋದೆವು. ಪಡಸಾಲೆಯಲ್ಲಿ ಕೂತು ಅವರು ಅದೇ ಹೊಗಳಿಕೆ ಸುರು ಮಾಡಿದರು. ಒಳಗೆ ಅಡುಗೆಮನೆಯಲ್ಲಿ ಆ ಮೈದುನನ ಹೆಂಡತಿ, ನನ್ನ ನೆಗೆಣ್ಣಿ, ಕಿವಿ ಕೊಟ್ಟು ಕೇಳಿ, ನನ್ನ ಮುಖ ನೋಡಿ, ಹಿತ್ತಲಿನ ಬಾಗಿಲು ತೆಗೆದು ತೋರಿಸಿದಳು. ತಿರುಗಿ ಬಂದಾಗ ನೀರಿನ ತಂಬಿಗೆ ಮುಂದೆ ಹಿಡಿದಳು. ಇನ್ನೂ ದೂರ ಹೋಗುವುದಿದೆ, ಬೇಡ ಎಂದೆ.

‘ಅಕ್ಕಾ, ಹೊಗಳಿಕಿ ಕುಡದ್ರ ನೀರಡಕಿ ಹೋಗತೈತೇನ್ರಿ?’ ಎಂದಳು.

ನನಗೆ ಸಿಟ್ಟು ಬಂತು. ಬಂದದ್ದು ಅವಳ ಮೇಲೆ! ಅದನ್ನು ನೆನೆಸಿಕೊಂಡರೆ ಈಗ ನನ್ನ ಮೇಲೆಯೇ ಬರುತ್ತದೆ.

ಪಂಢರಪುರದಲ್ಲಿ ಮೂರು ತಾಸು ಪಾಳಿ ಹಚ್ಚಿ ನಿಂತಿದ್ದೆವು. ಬಿಸಿಲಿಗೆ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ದೇವರ ಮುಂದೆ ನಿಂತು ನಾನು ಬೇಡಿಕೊಂಡದ್ದು ನಿಮ್ಮ ಯಾರ ಕ್ಷೇಮವನ್ನೂ ಅಲ್ಲ. ಲಗೂ ಕೊಲ್ಲಾಪುರದ ಲಾಡ್ಜು ಮುಟ್ಟಿಸಪ್ಪಾ ಎಂದು ಬೇಡಿದೆ. ಕೊಲ್ಲಾಪುರದಲ್ಲಿ ಉರಿಮೂತ್ರ ಸುರುವಾಯಿತು. ಮೈ ಬೆಚ್ಚಗಾಯಿತು, ಕಿಬ್ಬೊಟ್ಟೆ ಹಿಂಡುತ್ತಿತ್ತು. ಹೊಟ್ಟೆನೋವು ಎಂದಷ್ಟೇ ಹೇಳಿದೆ. ನಿನ್ನೆಯ ಊಟ ಹೆಚ್ಚಾಗಿರಬೇಕು ಎಂದು ಅವರು ಓಮಿನ ಕಾಳು ತಂದುಕೊಟ್ಟರು. ಜೊತೆಗೆ, ದೇವಿಯ ದರ್ಶನಕ್ಕೆ ತಡವಾಗುತ್ತಿದೆ ಎಂದು ಗಡಿಯಾರ ನೋಡಿದರು. ಓಮಿನ ಕಾಳು ಅಗಿಯುತ್ತ ನಾನು ಸೀರೆ ಉಟ್ಟೆ.

ಬೆಳಗಾವಿಯಲ್ಲಿ ಅವರ ಹಳೆಯ ಕಚೇರಿಯ ಗೆಳೆಯರ ಮನೆ. ಗಂಡ ಹೆಂಡತಿ ಇಬ್ಬರೂ ನಮ್ಮ ಎದುರಿಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ನನ್ನ ಕೈಯಲ್ಲಿ ನೀರಿನ ಲೋಟ, ತುಟಿಗೆ ಹಚ್ಚದೆ ಹಿಡಿದುಕೊಂಡಿದ್ದೆ. ಇವರು ಪ್ರವಾಸದ ವರದಿ ಒಪ್ಪಿಸಿ ಕೊನೆಗೆ ಆ ಮಾತಿಗೆ ಬಂದರು, ನಾಲ್ಕು ದಿನದಲ್ಲಿ ನಮ್ಮಾಕಿ ಒಮ್ಮೆಯೂ ಗಾಡಿ ನಿಲ್ಲಸು ಅನ್ನಲಿಲ್ಲ ಎಂದು. ಗೆಳೆಯರು ತಮ್ಮ ಹೆಂಡತಿಯ ಕಡೆ ತಿರುಗಿ, ‘ಕೇಳಿದ್ಯಾ? ನೀನೂ ಅದೀ ನೋಡು, ಹತ್ತ ಮೈಲಿಗೊಮ್ಮೆ’ ಎಂದು ನಕ್ಕರು. ಆ ಹೆಣ್ಣುಮಗಳ ಮುಖ ಸಣ್ಣದಾಯಿತು.

ನನ್ನ ಹೆಸರಿನಿಂದ ಇನ್ನೊಬ್ಬಳಿಗೆ ಪೆಟ್ಟು ಬಿತ್ತು. ಅದನ್ನು ತಡೆಯಲಾಗಲಿಲ್ಲ.

‘ಅದು ಖರೇ ಅಲ್ರಿ. ನಾಕ ದಿನಾತು ನಾ ಹೊಟ್ಟಿ ತುಂಬ ನೀರ ಕುಡದಿಲ್ಲ. ಕುಡದ್ರ ನಿಲ್ಲಸು ಅನ್ನಬೇಕಾಗತೈತಿ ಅಂತ ಕುಡದಿಲ್ಲ. ಈಗ ಜ್ವರ ಬಂದಾವು’ ಎಂದೆ.

ಅಪರಿಚಿತರ ಮನೆಯಲ್ಲಿ ನಾನು ಅಷ್ಟು ಮಾತಾಡಿದ್ದು ಅದೇ ಮೊದಲು. ಎಲ್ಲರ ಮುಂದೆ ಲೋಟ ಖಾಲಿ ಮಾಡಿ ಇನ್ನೊಂದು ಲೋಟ ಕೇಳಿದೆ. ಆ ಹೆಣ್ಣುಮಗಳು ಓಡಿಹೋಗಿ ಇಡೀ ತಂಬಿಗೆಯನ್ನೇ ತಂದಳು.

ಕಾರಿನಲ್ಲಿ ನಿಮ್ಮ ಅಜ್ಜನದು ಗೆಳೆಯನ ಎದುರು ಮಾನ ಹೋಯಿತು ಎಂಬ ಮುಖ. ಹೋಗಲಿ ಎಂದುಕೊಂಡೆ. ಕಿತ್ತೂರು ದಾಟಿದ ಮೇಲೆ ಗಾಡಿ ನಿಲ್ಲಿಸಲು ಹೇಳಿದೆ. ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದರು. ಹೆಣ್ಣುಮಕ್ಕಳ ಬಾಗಿಲಿಗೆ ಕೀಲಿ ಇತ್ತು, ಕೀಲಿಕೈ ಇದ್ದವನು ಊಟಕ್ಕೆ ಹೋಗಿದ್ದ. ಇನ್ನೊಂದು ಬಂಕಿನಲ್ಲಿ ಬಾಗಿಲೇನೋ ತೆರೆದಿತ್ತು, ಒಳಗೆ ಎಣ್ಣೆಯ ಡಬ್ಬಿ ಮತ್ತು ಚೀಲ ಒಟ್ಟಿದ್ದರು. ಹೆಂಗಸರು ಬರುವುದು ಕಡಿಮೆ, ಅದಕ್ಕೆ ಸಾಮಾನು ಇಟ್ಟಿದ್ದೇವೆ ಎಂದರು. ಆಗ ನಿಮ್ಮ ಅಜ್ಜನಿಗೆ ಸಿಟ್ಟು ಬಂತು ನೋಡಿರಿ. ಅಲ್ಲಿದ್ದವರಿಗೆ ಕೈ ಬೀಸಿ ಬೈದರು, ನಾಚಿಕೆಯಾಗುವುದಿಲ್ಲವೇ ನಿಮಗೆ ಎಂದರು.

ನಾನು ಹೊಟ್ಟೆ ಹಿಡಿದುಕೊಂಡು ನಿಂತಿದ್ದೆ. ಅವರ ಸಿಟ್ಟು ಕಂಡು ಖುಷಿಯಾಗಲಿಲ್ಲ. ಅವರಿಗೆ ಅದು ಆ ಮಧ್ಯಾಹ್ನ ಹುಟ್ಟಿತ್ತು. ಶಾಲೆಯ ಗೋಡೆಯ ಹಿಂದೆ ಹೋಗಲಾಗದ ಹುಡುಗಿಗೆ ಹುಟ್ಟಿದ್ದು ಎಷ್ಟೋ ವರ್ಷಗಳ ಹಿಂದೆ.

ಮೂರನೆಯ ಕಡೆ ನಿಲ್ಲಿಸುವುದೇ ಬೇಡ, ಮನೆಗೇ ನಡೆಯಿರಿ ಎಂದೆ. ಬೈಪಾಸಿನ ಉದ್ದಕ್ಕೂ ಲಾರಿಗಳ ಹಿಂದೆ ತೆವಳಿದೆವು. ಪ್ರತಿ ತಗ್ಗಿಗೂ ಜೀವ ಬಾಯಿಗೆ ಬರುತ್ತಿತ್ತು. ಊರಂಚಿನ ಗಬ್ಬೂರಿನ ಹತ್ತಿರ ನಮ್ಮ ಓಣಿಯ ತಿರುವು ಕಂಡಾಗ ನನಗೆ ಅಳು ಬಂತು. ಕಾರು ಪೂರಾ ನಿಲ್ಲುವ ಮೊದಲೇ ಇಳಿದೆ. ಚಪ್ಪಲಿ ಬಿಡಲಿಲ್ಲ, ದೇವರಿಗೆ ಕೈ ಮುಗಿಯಲಿಲ್ಲ. ನಮ್ಮ ಬಚ್ಚಲಿನ ಬಾಗಿಲು ಹಾಕಿ ಚಿಲಕ ಸೇರಿಸಿದೆ.

ಐದು ಊರು ನೋಡಿದೆನಲ್ಲ, ಯಾವ ಗುಡಿಯಲ್ಲಿಯೂ ನನಗೆ ಅಂಥ ನೆಮ್ಮದಿ ಸಿಕ್ಕಿರಲಿಲ್ಲ. ತಣ್ಣನೆಯ ಕಡಪಾ ಕಲ್ಲು, ಮೂಲೆಯಲ್ಲಿ ಬಕೆಟ್ಟು, ಗೂಡಿನಲ್ಲಿ ಅರ್ಧ ಸವೆದ ಸಾಬೂನು. ಯಾರೂ ಕಾಯುತ್ತಿರಲಿಲ್ಲ. ಮುಖಕ್ಕೆ, ಕೊರಳಿಗೆ, ಕಾಲಿಗೆ ನೀರು ಸುರಿದುಕೊಂಡೆ. ಅಲ್ಲಿಯೇ ಗೋಡೆಗೆ ಒರಗಿ ಕೂತೆ. ಹೊರಗೆ ನಮ್ಮ ಓಣಿಯ ಕಾಯಿಪಲ್ಲೆಯವಳು ಮೆಂತ್ಯೆ ಎಂದು ಕೂಗುವುದು ಕೇಳಿಸಿತು. ಇನ್ನು ನನ್ನನ್ನು ಇಲ್ಲಿಂದ ಯಾರೂ ಎಬ್ಬಿಸಲಾರರು ಅನಿಸಿತು.

ಹೊರಗೆ ಬಂದಾಗ ನಿಮ್ಮ ಅಜ್ಜ ಕಟ್ಟೆಯ ಮೇಲೆ ಕೂತಿದ್ದರು. ಚೀಲಗಳು ಕಾರಿನಲ್ಲಿಯೇ ಇದ್ದವು.

‘ಇಷ್ಟ ವರ್ಷ ಯಾಕ ಹೇಳಲಿಲ್ಲ ನೀ?’ ಎಂದರು.

‘ನೀವು ಒಮ್ಮೆನೂ ಕೇಳಲಿಲ್ರಿ.’

‘ನಾ ಹೊಗಳಾಕತ್ತಿದ್ನಲ್ಲ.’

‘ಅದಕ್ಕ ಹೇಳಾಕ ಆಗಲಿಲ್ಲ’ ಎಂದೆ.

ಅವರು ಎದ್ದು ಹೋಗಿ ಚೀಲಗಳನ್ನು ಒಳಗೆ ತಂದರು. ಮರುದಿನ ಡಾಕ್ಟರ ಬಳಿ ಕರೆದುಕೊಂಡು ಹೋದರು, ಹತ್ತು ದಿನ ಗುಳಿಗೆಯಾಯಿತು. ಆಮೇಲೆ ಎಲ್ಲಿಗೆ ಹೊರಟರೂ ಅರ್ಧ ತಾಸಿಗೊಮ್ಮೆ ನಿಲ್ಲಿಸಲೇ ಎಂದು ಕೇಳುವ ಹೊಸ ಚಾಳಿ ಹತ್ತಿತು. ಅದಕ್ಕೂ ಸಿಡುಕಿದೆ. ನನಗೇನು ಬಾಯಿಲ್ಲವೇ, ಬೇಕಾದಾಗ ನಾನೇ ಹೇಳುತ್ತೇನೆ ಎಂದೆ.

ಹೇಳಿದೆ ಕೂಡ. ಒಂದು ಮದುವೆಗೆಂದು ಧಾರವಾಡಕ್ಕೆ ಹೋಗುವಾಗ, ಲಕಮನಹಳ್ಳಿ ಹತ್ತಿರ. ಕಲ್ಯಾಣಮಂಟಪಕ್ಕೆ ಇನ್ನು ಹತ್ತೇ ನಿಮಿಷ, ತಡೆಯಲು ಆಗುತ್ತಿತ್ತು. ಹಿಂದಿನ ಸೀಟಿನಲ್ಲಿ ಅವರ ಅಣ್ಣ, ಅತ್ತಿಗೆ ಕೂತಿದ್ದರು. ತಡೆಯಬಾರದು ಎಂದೇ ನಿಲ್ಲಿಸಿ ಎಂದೆ, ಹಿಂದಿನವರಿಗೆ ಕೇಳುವ ಹಾಗೆ. ನಿಮ್ಮ ಅಜ್ಜ ಗಾಡಿ ಬದಿಗೆ ತೆಗೆದುಕೊಂಡು, ಇಳಿದು, ಎದುರಿನ ಖಾನಾವಳಿಯಲ್ಲಿ ಹೆಣ್ಣುಮಕ್ಕಳಿಗೆ ಜಾಗ ಇದೆಯೇ ಎಂದು ಕೇಳಲು ಹೋದರು.